ಅವ್ವನ ಕಿಡ್ನಿ 55 ಅಂತಲೋ 32 ಅಂತಲೋ? ಒಂದೇ ರಕ್ತಕ್ಕೆ ಮೂರು ಲೆಕ್ಕ

ಅಂಕೋಲಾದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ, ತಿಳಿದವರು ದಯವಿಟ್ಟು ಹೇಳಿ.

ನಮ್ಮ ಅವ್ವನಿಗೆ 68 ವರ್ಷ. ತೂಕ 42 ಕೆ.ಜಿ., ಎತ್ತರ 148 ಸೆಂ.ಮೀ. ಮೊದಲಿಂದಲೂ ಬಡಕಲು ಮೈ. ಎದೆಬಡಿತದಲ್ಲಿ ಏರುಪೇರಿದೆ ಎಂದು ಹೋದ ವರ್ಷ ಗೊತ್ತಾಯಿತು. ರಕ್ತ ಹೆಪ್ಪುಗಟ್ಟಬಾರದು ಎಂದು ರಿವರೊಕ್ಸಾಬಾನ್ 20 ಮಿ.ಗ್ರಾಂ. ಮಾತ್ರೆ ಶುರುವಾಯಿತು. ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿದ್ದರು. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಒಂದು ಕಸ) 1.1, ಅದರ ಕೆಳಗೆ ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಂದಾಜು, ಇಜಿಎಫ್‌ಆರ್ 55 ಎಂದು ಅಚ್ಚಾಗಿತ್ತು. "ಕಿಡ್ನಿ ವಯಸ್ಸಿಗೆ ತಕ್ಕಂತಿದೆ, ಪೂರ್ತಿ ಡೋಸ್ ಕೊಡಬಹುದು" ಎಂದರು.

ಎರಡು ತಿಂಗಳಾಗಿರಬೇಕು. ಅವ್ವ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗಿದ ನೀರು ಕೆಂಪಗಿತ್ತು. ನನಗೆ ಹೇಳಲೇ ಇಲ್ಲ. ಮೊಣಕೈ ಬಾವಿಕಟ್ಟೆಗೆ ಸುಮ್ಮನೆ ತಾಗಿದ್ದಕ್ಕೆ ಅಂಗೈ ಅಗಲ ನೀಲಿಗಟ್ಟಿದ್ದನ್ನು ನಾನೇ ನೋಡಿದೆ, ಆಮೇಲೆ ಒಂದೊಂದಾಗಿ ಹೇಳಿದರು. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಫೈಲು ತೆರೆಯುವ ಮೊದಲು ಅವ್ವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅಲ್ಲಿಯವರೆಗೆ ಯಾರೂ ತೂಕ ಕೇಳಿರಲಿಲ್ಲ. ಚೀಟಿಯ ಹಿಂದೆ ಏನೋ ಗುಣಿಸಿ ಭಾಗಿಸಿ, "ಈ ಮಾತ್ರೆಯ ಲೆಕ್ಕಕ್ಕೆ ಇವರ ಕಿಡ್ನಿ 32 ಮಾತ್ರ" ಎಂದು 15 ಮಿ.ಗ್ರಾಂ.ಗೆ ಇಳಿಸಿದರು. ಈಗ ಒಸಡಿನ ರಕ್ತ ನಿಂತಿದೆ.

ಮನೆಗೆ ಬಂದು ತಮ್ಮ ಮೊಬೈಲಿನಲ್ಲಿ ಎತ್ತರ, ತೂಕ ಎಲ್ಲ ಹಾಕಿ ನೋಡಿದ. ಅದು 42 ಎಂದಿತು. ಒಬ್ಬಳೇ ಅವ್ವ, ಒಂದೇ ರಕ್ತ, ಒಂದೇ 1.1. ಅದಕ್ಕೆ 55, 42, 32 ಹೇಗೆ ಬಂತು? ಇದರಲ್ಲಿ ಯಾವುದನ್ನು ನಂಬಬೇಕು? ಮೊದಲು ಬರೆದುಕೊಟ್ಟವರನ್ನು ದೂರಲು ಕೇಳುತ್ತಿಲ್ಲ. ಮುಂದೆ ಇನ್ನೊಂದು ಮಾತ್ರೆಗೂ ಹೀಗೇ ಆಗಬಾರದು ಎಂದು ಕೇಳುತ್ತಿದ್ದೇನೆ.

ಔಷಧಿ ಅಂಗಡಿ, ಕುಮಟಾ:

ಅಕ್ಕಾ, 32 ಎಲ್ಲಿಂದ ಬಂತು ಎಂದು ನಾನು ಹೇಳಬಲ್ಲೆ. ಬಿ.ಫಾರ್ಮಾದಲ್ಲಿ ನಮಗೆ ಬಾಯಿಪಾಠ ಮಾಡಿಸಿದ ಲೆಕ್ಕ ಅದು.

140ರಲ್ಲಿ ವಯಸ್ಸು ಕಳೆಯಿರಿ. ತೂಕದಿಂದ ಗುಣಿಸಿ. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಬಂದದ್ದರಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ. ನಿಮ್ಮ ಅವ್ವನಿಗೆ 140ರಲ್ಲಿ 68 ಕಳೆದರೆ 72. ಗುಣಿಸು 42, ಅಂದರೆ 3024. ಕೆಳಗೆ 72 ಗುಣಿಸು 1.1, ಅಂದರೆ 79.2. ಭಾಗಿಸಿದರೆ 38. ಅದರ 0.85 ಪಾಲು 32. ಹುಬ್ಬಳ್ಳಿಯವರು ಚೀಟಿಯ ಹಿಂದೆ ಮಾಡಿದ್ದು ಇದನ್ನೇ.

ಇದಕ್ಕೆ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಎನ್ನುತ್ತಾರೆ. 1976ರಲ್ಲಿ ಕೆನಡಾದ ಇಬ್ಬರು ವೈದ್ಯರು 249 ರೋಗಿಗಳ ಲೆಕ್ಕದಿಂದ ಕಟ್ಟಿದ್ದು, ಅವರಲ್ಲಿ ಬಹುಪಾಲು ಗಂಡಸರು. ಹೆಂಗಸರ 0.85 ಅಳತೆಯಿಂದ ಬಂದದ್ದಲ್ಲ, ಹೆಂಗಸರಿಗೆ ಸ್ನಾಯು ಕಡಿಮೆ ಎಂಬ ಅಂದಾಜಿನಿಂದ ಸೇರಿಸಿದ್ದು. ಹಳೆಯದು, ಒರಟು, ಒಪ್ಪುತ್ತೇನೆ. ಆದರೆ ರಿವರೊಕ್ಸಾಬಾನ್, ಡಾಬಿಗಟ್ರಾನ್‌ನಂಥ ಮಾತ್ರೆಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗ ಕಿಡ್ನಿಯ ಕೆಲಸ ಅಂದಾಜು ಮಾಡಿದ್ದು ಇದೇ ಸೂತ್ರದಿಂದ. ಎದೆಬಡಿತದ ಏರುಪೇರಿಗೆ ರಿವರೊಕ್ಸಾಬಾನ್ ಕೊಡುವಾಗ ಈ ಸೂತ್ರದ ಅಂಕೆ 50ಕ್ಕಿಂತ ಮೇಲಿದ್ದರೆ 20, ಅದಕ್ಕೆ ಇಳಿದರೆ 15 ಎಂದು ಔಷಧಿಯ ಜೊತೆ ಬರುವ ಕಾಗದದಲ್ಲೇ ಇದೆ. ಬೇರೆ ಸೂತ್ರದ 55 ತಂದು ಈ ಗೆರೆಯ ಪಕ್ಕ ಇಟ್ಟರೆ, ಸೇರಿನಲ್ಲಿ ಅಳೆದ ಅಕ್ಕಿಗೆ ಕೆ.ಜಿ.ಯ ದರ ಹಾಕಿದ ಹಾಗೆ.

ನಮ್ಮ ಅಂಗಡಿಗೆ ಚೀಟಿ ತರುವವರಲ್ಲಿ ಅಜ್ಜಂದಿರು, ಅಜ್ಜಿಯರೇ ಹೆಚ್ಚು. ಹತ್ತರಲ್ಲಿ ಒಂದು ಚೀಟಿಯಲ್ಲೂ ತೂಕ ಬರೆದಿರುವುದಿಲ್ಲ. ಸಂಕಟವಾಗುತ್ತದೆ.

ತಾಲೂಕು ವೈದ್ಯ:

ನಾನು ಎಂಬಿಬಿಎಸ್, ಜನರಲ್ ಮೆಡಿಸಿನ್ ಎಂಡಿ ಮಾಡಿ ಕರಾವಳಿಯ ಒಂದು ತಾಲೂಕಿನಲ್ಲಿದ್ದೇನೆ. ಮೂರೂ ಅಂಕೆ ತಪ್ಪಲ್ಲ ತಂಗಿ. ಮೂರೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ.

ಕಿಡ್ನಿಯ ನಿಜವಾದ ಕೆಲಸ ಎಂದರೆ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವ ಸೋಸಿತು ಎನ್ನುವುದು. ಅದನ್ನು ನೇರವಾಗಿ ಅಳೆಯುವುದು ಕಷ್ಟ. ಹಾಗಾಗಿ ಸ್ನಾಯುಗಳಲ್ಲಿ ದಿನವೂ ಹುಟ್ಟುವ ಕ್ರಿಯಾಟಿನಿನ್ ಎಂಬ ಕಸವನ್ನು ನೋಡುತ್ತೇವೆ. ರಕ್ತದಲ್ಲಿ ಕಸ ಹೆಚ್ಚು ಉಳಿದಿದ್ದರೆ ಸೋಸುವಿಕೆ ಕಡಿಮೆ ಎಂದು ಊಹೆ. ಆದರೆ ಕಸ ಹುಟ್ಟುವ ಪ್ರಮಾಣ ಎಲ್ಲರ ಮೈಯಲ್ಲಿ ಒಂದೇ ಅಲ್ಲ. ದೋಣಿ ಎಳೆಯುವ 80 ಕೆ.ಜಿ. ಗಂಡಸಿನಲ್ಲಿ ದಿನಕ್ಕೆ ಹುಟ್ಟುವಷ್ಟು ನಿಮ್ಮ ಅವ್ವನಲ್ಲಿ ಹುಟ್ಟುವುದಿಲ್ಲ. 1.1 ಅವನಿಗೆ ಚೆನ್ನಾದ ಅಂಕೆ, ನಿಮ್ಮ ಅವ್ವನಿಗೆ ಅಲ್ಲ. ಹಾಗಾಗಿ ವಯಸ್ಸು, ಲಿಂಗ ಸೇರಿಸಿ ಸೂತ್ರ ಕಟ್ಟಿದರು.

ಲ್ಯಾಬಿನವರು ಅಚ್ಚು ಹಾಕಿದ 55, ಸಿಕೆಡಿ-ಇಪಿಐ ಎಂಬ ಸೂತ್ರದ 2021ರ ರೂಪದ್ದು. ಅದೇ 1.1ಕ್ಕೆ 2009ರ ರೂಪ 52 ಕೊಡುತ್ತದೆ, ಅದಕ್ಕೂ ಹಿಂದಿನ ಎಂಡಿಆರ್‌ಡಿ 49 ಕೊಡುತ್ತದೆ. 1999ರ ಎಂಡಿಆರ್‌ಡಿಯನ್ನು ಕಟ್ಟಿದ್ದು 1628 ಕಿಡ್ನಿ ರೋಗಿಗಳ ಮೇಲೆ. ಅದರಿಂದಾಗಿ ಕಿಡ್ನಿ ಚೆನ್ನಾಗಿರುವವರಲ್ಲಿ ಅದು ಅಂಕೆಯನ್ನು ಕೆಳಗೆ ಎಳೆಯುತ್ತಿತ್ತು. ಸಿಕೆಡಿ-ಇಪಿಐಯಲ್ಲಿ ಆರೋಗ್ಯವಂತರೂ ಸೇರಿದರು. 2021ರಲ್ಲಿ ಅಮೆರಿಕದವರು ಕಪ್ಪು ಜನಾಂಗಕ್ಕೆ ಪ್ರತ್ಯೇಕ ಗುಣಕ ಇಡುವುದನ್ನು ಕೈಬಿಟ್ಟು ಹೊಸದಾಗಿ ಲೆಕ್ಕ ಕಟ್ಟಿದರು.

ಈಗ 42ಕ್ಕೆ ಬರುತ್ತೇನೆ. ಲ್ಯಾಬಿನ 55ರ ಪಕ್ಕದ ಸಣ್ಣ ಅಕ್ಷರ ಓದಿ, '1.73 ಚದರ ಮೀಟರ್‌ಗೆ' ಎಂದಿರುತ್ತದೆ. ಅಂದರೆ ಮೈಯ ಹೊರಮೈ 1.73 ಚದರ ಮೀಟರ್ ಇರುವವರಿಗೆ ಹೋಲಿಸಿದ ಅಂಕೆ. 1920ರ ದಶಕದಲ್ಲಿ ಅಮೆರಿಕದ ಸುಮಾರು 25 ವರ್ಷದವರ ಸರಾಸರಿ ಅದು. ನಿಮ್ಮ ಅವ್ವನ ಹೊರಮೈ ಸುಮಾರು 1.31. 55ನ್ನು 1.73ರಿಂದ ಭಾಗಿಸಿ 1.31ರಿಂದ ಗುಣಿಸಿ, 42 ಬರುತ್ತದೆ. ನಿಮ್ಮ ತಮ್ಮನ ಮೊಬೈಲ್ ಮಾಡಿದ್ದು ಅದನ್ನೇ.

ಕಿಡ್ನಿಗೆ ಕಾಯಿಲೆ ಇದೆಯೇ, ಯಾವ ಹಂತ ಎಂದು ನೋಡಲು 55 ಸರಿ, ಏಕೆಂದರೆ ಚಿಕ್ಕ ಮೈಗೆ ಚಿಕ್ಕ ಕಿಡ್ನಿ ಸಹಜ, ಅದನ್ನು ಕಾಯಿಲೆ ಎನ್ನಬಾರದು. ಆದರೆ ಮಾತ್ರೆಗೆ ಸರಾಸರಿ ಅಮೆರಿಕನ್ನರ ಗೊಡವೆ ಇಲ್ಲ. ಒಳಗೆ ಹೋದ 20 ಮಿ.ಗ್ರಾಂ.ನ್ನು ಹೊರಹಾಕಬೇಕಾದ್ದು ಈ 42 ಕೆ.ಜಿ. ಮೈಯೊಳಗಿನ ಕಿಡ್ನಿ. ಅಲ್ಲಿ 42 ಅಥವಾ 32 ನೋಡಬೇಕು. ಯಾವ ಮಾತ್ರೆಯ ಗೆರೆ ಯಾವ ಸೂತ್ರದಿಂದ ಎಳೆದದ್ದೋ ಆ ಸೂತ್ರವನ್ನೇ ಹಿಡಿಯಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ಗೆ ಇಜಿಎಫ್‌ಆರ್ 30ರ ಕೆಳಗೆ ಹೋದರೆ ನಿಲ್ಲಿಸಿ ಎಂಬ ಗೆರೆ ಇದೆ. ಅಲ್ಲಿ ಲ್ಯಾಬಿನ ಅಂಕೆ ಸಾಕು.

ಕಡಲತಡಿ ಮೇಷ್ಟ್ರು, ಹೊನ್ನಾವರ:

ಡಾಕ್ಟ್ರೇ, ಒಂದು ಸಂಶಯ. ಇಷ್ಟೆಲ್ಲ ಸೂತ್ರ, ಅಂದಾಜು ಏಕೆ? ಸ್ಕ್ಯಾನ್ ಮಾಡಿಸಿ ನಿಜವಾದ ಅಂಕೆ ತೆಗೆದರೆ ಮುಗಿಯಲಿಲ್ಲವೇ? ನನ್ನ ಅಣ್ಣ ಮಗನಿಗೆ ಕಿಡ್ನಿ ಕೊಡುವ ಮೊದಲು ಮಂಗಳೂರಿನಲ್ಲಿ ಡಿಟಿಪಿಎ ಸ್ಕ್ಯಾನ್ ಎಂದು ಮಾಡಿಸಿದ್ದರು.

ತಾಲೂಕು ವೈದ್ಯ:

ಮೇಷ್ಟ್ರೇ, ಕಿಡ್ನಿ ದಾನ ಮಾಡುವವರಲ್ಲಿ ಅಂದಾಜು ಸಾಲದು ನಿಜ, ಎರಡು ಕಿಡ್ನಿಯಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದೂ ತಿಳಿಯಬೇಕು. ಆದರೆ ಆ ಸ್ಕ್ಯಾನಿನ ಅಂಕೆಯೂ ಕೆಲವೊಮ್ಮೆ ಅಂದಾಜೇ. ವಿಕಿರಣ ಇರುವ ಔಷಧ ಚುಚ್ಚಿ ಹೊರಗಿನ ಕ್ಯಾಮೆರಾದಲ್ಲಿ ಎಣಿಸುವ ಗೇಟ್ಸ್ ವಿಧಾನಕ್ಕಿಂತ, ಅದೇ ಔಷಧ ಚುಚ್ಚಿ ಗಂಟೆಗಳ ಅಂತರದಲ್ಲಿ ರಕ್ತ ತೆಗೆದು ಎಣಿಸುವ ವಿಧಾನ ಹೆಚ್ಚು ಸರಿಯಾದದ್ದು. ಎಲ್ಲಕ್ಕಿಂತ ಮೂಲದ ಒರೆಗಲ್ಲು ಇನ್ಯುಲಿನ್. ಗೆಡ್ಡೆಗಳಿಂದ ತೆಗೆಯುವ ಒಂದು ಬಗೆಯ ಹಿಟ್ಟು ಅದು, ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಲ್ಲ. ಕಿಡ್ನಿ ಅದನ್ನು ಸೋಸುತ್ತದೆ, ಹೀರಿಕೊಳ್ಳುವುದಿಲ್ಲ, ಬೇರೆ ದಾರಿಯಿಂದ ಹೊರಹಾಕುವುದೂ ಇಲ್ಲ. ಹಾಗಾಗಿ ಅಳತೆ ಶುದ್ಧ. ಆದರೆ ಡ್ರಿಪ್ ಹಾಕಿ, ಗಂಟೆಗಟ್ಟಲೆ ಕೂರಿಸಿ, ಮೂತ್ರ ಮತ್ತು ರಕ್ತ ಮತ್ತೆ ಮತ್ತೆ ತೆಗೆಯಬೇಕು. ಅಂಕೋಲಾದಿಂದ ಬಂದ ಅಜ್ಜಿಗೆ ಒಂದು ಮಾತ್ರೆಯ ಡೋಸ್ ನಿರ್ಧರಿಸಲು ಅದನ್ನೆಲ್ಲ ಮಾಡಲಾಗದು.

ಈ ಜಿಲ್ಲೆಯಲ್ಲಿ ದೊಡ್ಡ ಪರೀಕ್ಷೆ ಎಂದರೆ ಘಟ್ಟ ಹತ್ತಬೇಕು, ಇಲ್ಲವೇ ಮಣಿಪಾಲ, ಮಂಗಳೂರು, ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ಬೀದಿಗಿಳಿದು ಕೇಳಿದ್ದು ಸುಮ್ಮನೆ ಅಲ್ಲ. ಅದು ಬರುವವರೆಗೂ ನಮಗೆ ಇಲ್ಲಿ ಸಿಗುವ ಕ್ರಿಯಾಟಿನಿನ್ನನ್ನೇ ಜಾಣತನದಿಂದ ಓದಬೇಕು.

ಲ್ಯಾಬ್ ಟೆಕ್ನಿಷಿಯನ್, ಕಾರವಾರ:

ಎಲ್ಲರೂ ಸೂತ್ರದ ಮಾತಾಡುತ್ತಿದ್ದೀರಿ. ಸೂತ್ರದೊಳಗೆ ಹೋಗುವ ಆ 1.1 ಹೇಗೆ ಹುಟ್ಟುತ್ತದೆ ಎಂದು ನಾನು ಹೇಳಬೇಕು, ಏಕೆಂದರೆ ದಿನಾ ಅದನ್ನು ಮಾಡುವವನು ನಾನು.

ನಮ್ಮ ಸಣ್ಣ ಲ್ಯಾಬುಗಳಲ್ಲಿ ಹೆಚ್ಚಾಗಿ ಇರುವುದು ಜಾಫೆ ವಿಧಾನ. 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಜಾಫೆ ಕಂಡುಕೊಂಡದ್ದು. ಕ್ಷಾರದಲ್ಲಿ ಕದಡಿದ ಪಿಕ್ರಿಕ್ ಆಮ್ಲದ ಹಳದಿ ದ್ರಾವಣಕ್ಕೆ ಸೀರಮ್ (ರಕ್ತದ ತಿಳಿ ದ್ರವ) ಹಾಕಿದರೆ ಅದು ಕಿತ್ತಳೆಗೆ ತಿರುಗುತ್ತದೆ. ಬರಿಗಣ್ಣಿಗೆ ಅರಿಸಿನದ ನೀರಿಗೆ ಚೂರು ಸುಣ್ಣ ಬಿದ್ದ ಹಾಗೆ ಕಾಣುತ್ತದೆ. ಎಷ್ಟು ವೇಗವಾಗಿ ಬಣ್ಣ ಏರುತ್ತದೆ ಎಂದು ಯಂತ್ರ ನೋಡಿ ಅಂಕೆ ಕೊಡುತ್ತದೆ. ತೊಂದರೆ ಏನೆಂದರೆ ಪಿಕ್ರಿಕ್ ಆಮ್ಲ ಕ್ರಿಯಾಟಿನಿನ್ ಜೊತೆ ಮಾತ್ರ ಬಣ್ಣ ಕೊಡುವುದಿಲ್ಲ. ಸಕ್ಕರೆ ತೀರಾ ಏರಿ ಕೀಟೋನ್ ಬಂದವರ ರಕ್ತಕ್ಕೂ ಕೊಡುತ್ತದೆ, ಸೆಫಲೋಸ್ಪೊರಿನ್ ಎಂಬ ಬಗೆಯ ಕೆಲವು ಆಂಟಿಬಯೋಟಿಕ್ ಇಂಜೆಕ್ಷನ್ ತೆಗೆದುಕೊಂಡವರ ರಕ್ತಕ್ಕೂ ಕೊಡುತ್ತದೆ, ಅಂಕೆ ಸುಳ್ಳೇ ಏರುತ್ತದೆ. ಕಾಮಾಲೆ ಹೆಚ್ಚಿದ್ದರೆ ತಿರುಗುಮುರುಗು, ಸುಳ್ಳೇ ಇಳಿಯುತ್ತದೆ. ಕಿಣ್ವ ಬಳಸುವ ಎನ್ಜೈಮ್ಯಾಟಿಕ್ ವಿಧಾನದಲ್ಲಿ ಈ ಕಾಟ ಬಹಳ ಕಡಿಮೆ, ಆದರೆ ಕಿಟ್ ದುಬಾರಿ.

ಅಂಕೋಲಾದ ಅಕ್ಕ, ನಿಮ್ಮ ಅವ್ವನ 1.1 ಇನ್ನೊಂದು ಲ್ಯಾಬಿನಲ್ಲಿ 1.0 ಬಂದರೆ ಆಶ್ಚರ್ಯ ಪಡಬೇಡಿ. ಆದರೆ ಆ ಒಂದು ದಶಾಂಶಕ್ಕೆ ಇಜಿಎಫ್‌ಆರ್ 55ರಿಂದ 61ಕ್ಕೆ ಹಾರುತ್ತದೆ. 60ರ ಗೆರೆ ದಾಟಿತು ಎಂದು ಒಬ್ಬರು ಕಿಡ್ನಿ ಸರಿಯಿದೆ ಎನ್ನುತ್ತಾರೆ, ಇನ್ನೊಬ್ಬರು ಕಿಡ್ನಿ ಕಾಯಿಲೆಯ ಮೂರನೇ ಹಂತ ಎಂದು ಬರೆಯುತ್ತಾರೆ. ಅಜ್ಜಿಯೊಳಗೆ ಏನೂ ಬದಲಾಗಿರುವುದಿಲ್ಲ. ಹಾಗಾಗಿ ಏರಿತೋ ಇಳಿಯಿತೋ ಎಂದು ನೋಡಬೇಕಾದರೆ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿ. ಜಾಫೆಯೋ ಎನ್ಜೈಮ್ಯಾಟಿಕ್ಕೋ ಎಂದು ಕೌಂಟರಿನಲ್ಲಿ ಕೇಳಿ. ಕೇಳಿದರೆ ನಮಗೇನೂ ಬೇಸರವಿಲ್ಲ, ಸಂತೋಷವೇ.

ತೋಟದ ಮನೆ, ಶಿರಸಿ:

ಇಲ್ಲಿ ನಡೆಯುತ್ತಿರುವ ಮಾತು ಓದಿ ನಮ್ಮ ಅಪ್ಪಯ್ಯನ ಕಥೆ ಹೇಳಲೇಬೇಕು ಅನ್ನಿಸಿತು.

ಅಪ್ಪಯ್ಯನಿಗೆ 72. ಜೀವಮಾನವಿಡೀ ಶುದ್ಧ ಸಸ್ಯಾಹಾರಿ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಹೋಯಿತು. 66 ಕೆ.ಜಿ. ಇದ್ದವರು 50ಕ್ಕೆ ಬಂದರು. ತೊಡೆ ಹಿಡಿದರೆ ನನ್ನ ಎರಡು ಕೈಯ ಬೆರಳು ಒಂದಕ್ಕೊಂದು ತಾಗುತ್ತಿತ್ತು. ಕ್ರಿಯಾಟಿನಿನ್ ಮಾತ್ರ 1.0. ಇಜಿಎಫ್‌ಆರ್ 80. ನೋಡಿದವರೆಲ್ಲ ಈ ವಯಸ್ಸಿಗೆ ಎಷ್ಟು ಚೆನ್ನಾಗಿದೆ ಎಂದು ಹೊಗಳಿದ್ದೇ. ಆದರೆ ನರನೋವಿಗೆ ಕೊಟ್ಟ ಪ್ರಿಗಾಬಲಿನ್ ತೆಗೆದುಕೊಂಡರೆ ಎರಡು ದಿನ ಮಂಪರು. ಊಟಕ್ಕೆ ಎಬ್ಬಿಸಿದರೂ ಏಳರು.

ಹುಬ್ಬಳ್ಳಿಯ ಕಿಡ್ನಿ ತಜ್ಞರು 24 ಗಂಟೆಯ ಮೂತ್ರ ಹಿಡಿಯಲು ಹೇಳಿದರು. ಐದು ಲೀಟರಿನ ಕ್ಯಾನ್ ತಂದು ಬಚ್ಚಲುಮನೆಯ ಮೂಲೆಯಲ್ಲಿಟ್ಟೆವು. ಬೆಳಿಗ್ಗೆ ಆರಕ್ಕೆ ಮಾಡಿದ ಮೊದಲ ಮೂತ್ರ ಚೆಲ್ಲಬೇಕು, ಆ ಹೊತ್ತಿನಿಂದ ಗಡಿಯಾರ ಶುರು. ಅಲ್ಲಿಂದ ಮುಂದೆ ಒಂದು ಹನಿ ಬಿಡದೆ ಹಿಡಿದು, ಮರುದಿನ ಬೆಳಿಗ್ಗೆ ಆರರದ್ದನ್ನೂ ಸೇರಿಸಿ ಮುಗಿಸಬೇಕು. ಮೊದಲ ಸಲ ನಮ್ಮದು ಕೆಟ್ಟಿತು. ಮಧ್ಯಾಹ್ನ ನಾನು ತೋಟಕ್ಕೆ ಹೋಗಿದ್ದೆ, ಅಪ್ಪಯ್ಯ ಕೂಗಿದ್ದು ಆಯಿಗೆ ಕೇಳಲಿಲ್ಲ, ಹಾಸಿಗೆ ಒದ್ದೆ. ಒಟ್ಟು 700 ಮಿಲಿ ಬಂತು. ಲ್ಯಾಬಿನವರು ಇದು ಪೂರ್ತಿ ಅಲ್ಲ ಎಂದು ವಾಪಸ್ ಕೊಟ್ಟರು. ಮುಂದಿನ ವಾರ ನಾನು, ಹೆಂಡತಿ ಸರದಿಯಂತೆ ಅವರ ಪಕ್ಕದಲ್ಲೇ ಕೂತೆವು. ಆಗ 1200 ಮಿಲಿ ಆಯಿತು. ಮೂತ್ರದಲ್ಲಿ ಕ್ರಿಯಾಟಿನಿನ್ 60, ರಕ್ತದಲ್ಲಿ 1.0. 60ನ್ನು 1200ರಿಂದ ಗುಣಿಸಿ ದಿನದ 1440 ನಿಮಿಷದಿಂದ ಭಾಗಿಸಿದರೆ 50.

80 ಎಂದಿದ್ದ ಕಿಡ್ನಿ 50! ಅಪ್ಪಯ್ಯನ ಕಿಡ್ನಿ ಚೆನ್ನಾಗಿರಲಿಲ್ಲ, ಸ್ನಾಯು ಇರಲಿಲ್ಲ, ಅಷ್ಟೇ. ಕಸ ಹುಟ್ಟುವುದೇ ಕಡಿಮೆಯಾಗಿದ್ದರಿಂದ ರಕ್ತ ಸ್ವಚ್ಛ ಕಂಡಿತು. ಆ ಎರಡು ವರ್ಷ ನಾವು ಆ 80 ನೋಡಿ ಸಮಾಧಾನ ಪಟ್ಟಿದ್ದು ನೆನೆದರೆ ಈಗಲೂ ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತದೆ.

ಆಮೇಲೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯನ್ನೂ ಮಾಡಿಸಿದರು. ಇಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. 1.4 ಬಂತು. ಅದರ ಲೆಕ್ಕಕ್ಕೆ ಕಿಡ್ನಿ 47. ಪ್ರಿಗಾಬಲಿನ್ ಅರ್ಧಕ್ಕಿಳಿಸಿದ ಮೇಲೆ ಅಪ್ಪಯ್ಯ ಹಗಲು ಎಚ್ಚರವಿರುತ್ತಾರೆ, ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ.

ನರ್ಸಿಂಗ್ ಓದುತ್ತಿರುವ ಹುಡುಗಿ, ಭಟ್ಕಳ:

ತೋಟದ ಮನೆ ಅಣ್ಣ, ಓದಿ ಕಣ್ಣು ತುಂಬಿತು. ಹಾಗಾದರೆ ಸಿಸ್ಟಾಟಿನ್ ಸಿ ಎಲ್ಲರಿಗೂ ಮಾಡಿಸಿಬಿಟ್ಟರೆ ಆಗದೇ? ಕ್ರಿಯಾಟಿನಿನ್ ಏಕೆ ಬೇಕು?

ತಾಲೂಕು ವೈದ್ಯ:

ಅದಕ್ಕೂ ಅದರದ್ದೇ ಕುಂದುಗಳಿವೆ ತಂಗಿ. ಸಿಸ್ಟಾಟಿನ್ ಸಿ ಸಣ್ಣ ಪ್ರೋಟೀನು, ಮೈಯ ಎಲ್ಲ ಜೀವಕೋಶಗಳಲ್ಲೂ ಹುಟ್ಟುತ್ತದೆ, ಸ್ನಾಯುವಿನ ಹಂಗು ಅಷ್ಟಾಗಿ ಇಲ್ಲ. ಆದರೆ ಥೈರಾಯ್ಡ್ ಹೆಚ್ಚುಕಡಿಮೆ ಇದ್ದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ, ಬೊಜ್ಜು ಇರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಕಿಡ್ನಿಗೆ ಸಂಬಂಧವಿಲ್ಲದೆಯೂ ಏರುಪೇರಾಗುತ್ತದೆ. ಆಸ್ತಮಾಕ್ಕೆ ಸ್ಟೀರಾಯ್ಡ್ ಮಾತ್ರೆ ತಿನ್ನುವವರ ಸಿಸ್ಟಾಟಿನ್ ನೋಡಿ ಕಿಡ್ನಿ ಹಾಳಾಗಿದೆ ಎಂದು ಹೆದರಿಸಬಾರದು.

ಅದಕ್ಕಾಗಿ ಎರಡನ್ನೂ ಸೇರಿಸಿದ ಸೂತ್ರ ಬಂದಿದೆ. ಬಹುಪಾಲು ಜನರಲ್ಲಿ ಒಂದೊಂದನ್ನೇ ನೋಡುವುದಕ್ಕಿಂತ ಜೋಡಿ ಲೆಕ್ಕವೇ ನಿಜಕ್ಕೆ ಹತ್ತಿರ. ಸಿಸ್ಟಾಟಿನ್ ಸಿಗುವಲ್ಲಿ ಜೋಡಿ ಸೂತ್ರ ಬಳಸಿ ಎಂದು ಕೆಡಿಗೋ ಎಂಬ ಅಂತಾರಾಷ್ಟ್ರೀಯ ತಂಡದ 2024ರ ಮಾರ್ಗಸೂಚಿ ಹೇಳುತ್ತದೆ. ಶಿರಸಿಯ ಅಪ್ಪಯ್ಯನವರಿಗೆ ನಾನು ಲೆಕ್ಕ ಹಾಕಿದೆ, ಜೋಡಿ ಸೂತ್ರ 62 ಕೊಡುತ್ತದೆ. ಆದರೆ ಇಷ್ಟು ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ನಿನ ಪಾಲು ಆ 62ನ್ನೂ ಮೇಲಕ್ಕೆ ಎಳೆದಿರುತ್ತದೆ. ಮೂತ್ರದ ಲೆಕ್ಕ 50, ಸಿಸ್ಟಾಟಿನ್ ಲೆಕ್ಕ 47. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಕಡೆ ಮುಟ್ಟಿವೆ. ಅವರ ತಜ್ಞರು ಅದನ್ನು ಹಿಡಿದದ್ದು ಸರಿ. ಅಷ್ಟಕ್ಕೂ 24 ಗಂಟೆಯ ಮೂತ್ರದ ಲೆಕ್ಕ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವಂಥದ್ದು, ಏಕೆಂದರೆ ಕಿಡ್ನಿಯ ನಾಳಗಳು ಸೋಸದೆಯೇ ಸ್ವಲ್ಪ ಕ್ರಿಯಾಟಿನಿನ್ನನ್ನು ಹೊರಗೆ ತಳ್ಳುತ್ತವೆ.

ಸಸ್ಯಾಹಾರದ ಮಾತು ಬಂತು. ನಮ್ಮ ದೇಶದವರ ಮೇಲೆ ಈ ಸೂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂದು ಚಂಡೀಗಢದ ಪಿಜಿಐ ಎಂಬ ವೈದ್ಯಕೀಯ ಸಂಸ್ಥೆಯವರು ಇನ್ಯುಲಿನ್‌ನಿಂದ ಅಳೆದು 2018ರಲ್ಲಿ ಪ್ರಕಟಿಸಿದ್ದಾರೆ. ಕ್ರಿಯಾಟಿನಿನ್ ಸೂತ್ರಗಳು ಭಾರತೀಯರ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸುತ್ತವೆ ಎಂಬುದು ಅವರು ಕಂಡದ್ದು. ನಮ್ಮಲ್ಲಿ ಮಾಂಸದೂಟವೂ ಸ್ನಾಯುವೂ ಪಾಶ್ಚಾತ್ಯರಿಗಿಂತ ಕಡಿಮೆ. ನನ್ನ ಮಟ್ಟಿಗೆ, ಬಡಕಲು ಮೈಯವರ ರಿಪೋರ್ಟಿನಲ್ಲಿ 65, 70 ಕಂಡರೆ ನಾನು ನಿಶ್ಚಿಂತನಾಗುವುದಿಲ್ಲ.

ಬೈತಖೋಲ ಬಂದರು:

ನನ್ನದು ಉಲ್ಟಾ. ವಯಸ್ಸು 26, ತೂಕ 84, ಬೋಟಿಗೂ ಹೋಗುತ್ತೇನೆ, ಕಾರವಾರದಲ್ಲಿ ಜಿಮ್ಮಿಗೂ ಹೋಗುತ್ತೇನೆ, ಕ್ರಿಯಾಟಿನ್ ಪೌಡರ್ ಕುಡಿಯುತ್ತೇನೆ. ಕಂಪನಿ ಕೆಲಸಕ್ಕೆ ಮೆಡಿಕಲ್ ಮಾಡಿಸಿದೆ. ಕ್ರಿಯಾಟಿನಿನ್ 1.4, ಇಜಿಎಫ್‌ಆರ್ 71 ಬಂತು. ಹಿಂದಿನ ರಾತ್ರಿ ಮನೆಯಲ್ಲಿ ಇಸೋಣ ಮೀನಿನ ಸಾರು, ಹುರಿದದ್ದು ಎರಡೂ ಇತ್ತು, ಹೊಟ್ಟೆ ತುಂಬ ತಿಂದಿದ್ದೆ. ಅಮ್ಮ ಅಂದಿನಿಂದ ಅಳುತ್ತಿದ್ದಾಳೆ.

ಔಷಧಿ ಅಂಗಡಿ, ಕುಮಟಾ:

ತಮ್ಮಾ, ಪೌಡರಿನ ಕ್ರಿಯಾಟಿನ್ ಮೈಯಲ್ಲಿ ತಾನಾಗಿ ಕ್ರಿಯಾಟಿನಿನ್ ಆಗುತ್ತದೆ. ಬೇಯಿಸಿದ ಮಾಂಸದೂಟದಿಂದಲೂ ಕೆಲವು ಗಂಟೆ ಏರುತ್ತದೆ, ಮೀನಿನ ಸ್ನಾಯುವಿನಲ್ಲೂ ಕ್ರಿಯಾಟಿನ್ ಇದೆ. ಜೊತೆಗೆ ನಿನ್ನ ಮೈಯಲ್ಲೇ ಸ್ನಾಯು ಹೆಚ್ಚು. ಮೂರೂ ಸೇರಿ 1.4 ಆಗಿರಬಹುದು. ಆದರೆ ಆಗಿರಬಹುದು ಎಂದು ಕೈಬಿಡಬೇಡ. ಪೌಡರ್ ಕೆಲವು ವಾರ ನಿಲ್ಲಿಸಿ, ಹಿಂದಿನ ರಾತ್ರಿ ಗಂಜಿ ಉಪ್ಪಿನಕಾಯಿ ಉಂಡು, ಜಿಮ್ಮಿಗೆ ರಜೆ ಹಾಕಿ ಮತ್ತೆ ಮಾಡಿಸು. ಆಗಲೂ ಇಳಿಯದಿದ್ದರೆ ಸಿಸ್ಟಾಟಿನ್ ಬಗ್ಗೆ ಡಾಕ್ಟರನ್ನು ಕೇಳು. ಮೂತ್ರದ ಅಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನು) ಪರೀಕ್ಷೆ ಮಾತ್ರ ಈಗಲೇ ಮಾಡಿಸಿಬಿಡು. ನೋವಿನ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸು. ಅಮ್ಮನಿಗೆ ಇದನ್ನು ಓದಿ ಹೇಳು.

ಆಶಾ ಕಾರ್ಯಕರ್ತೆ, ಸಿದ್ದಾಪುರ:

ಸರ್, ನಾನು ಒಂದು ಕೇಳಬೇಕು. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಇಲಿಜ್ವರ ಬರುತ್ತದಲ್ಲ. ಹೋದ ವರ್ಷ ನಮ್ಮ ಕೇರಿಯ ಒಬ್ಬರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. ಮೊದಲ ದಿನದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.3, ಇಜಿಎಫ್‌ಆರ್ 60ರ ಮೇಲೆ ಇತ್ತು. ಕಿಡ್ನಿಗೆ ಏನೂ ಇಲ್ಲ ಎಂದು ಮನೆಯವರು ಕರೆದುಕೊಂಡು ಬಂದುಬಿಟ್ಟರು. ಎರಡು ದಿನ ಬಿಟ್ಟು 4 ದಾಟಿತು. ಮೂತ್ರ ಚೆನ್ನಾಗಿಯೇ ಹೋಗುತ್ತಿತ್ತು. ಆ ಸೂತ್ರ ಏಕೆ ಹಾಗೆ ಮೋಸ ಮಾಡಿತು?

ತಾಲೂಕು ವೈದ್ಯ:

ಅಕ್ಕಾ, ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ನೀವು ಕೇಳಿದಿರಿ. ಇಲ್ಲಿ ಹೇಳಿದ ಯಾವ ಸೂತ್ರವೂ ಅಂಥ ಹೊತ್ತಿಗೆ ನಡೆಯುವುದಿಲ್ಲ. ಎಲ್ಲವೂ ಕ್ರಿಯಾಟಿನಿನ್ ಒಂದು ಮಟ್ಟದಲ್ಲಿ ನಿಂತಿದೆ ಎಂದು ನಂಬಿಕೊಂಡು ಕಟ್ಟಿದವು. ಕಿಡ್ನಿ ಇವತ್ತು ಬೆಳಿಗ್ಗೆ ಪೂರ್ತಿ ನಿಂತರೂ ಕಸ ರಕ್ತದಲ್ಲಿ ತುಂಬಲು ದಿನಗಳು ಬೇಕು. ಹೊಳೆಗೆ ಅಡ್ಡಕಟ್ಟು ಹಾಕಿದ ತಕ್ಷಣ ನೀರು ತೋಟದ ದಂಡೆ ಮುಟ್ಟುವುದಿಲ್ಲ, ಹಾಗೆ. ಮೊದಲ ದಿನದ 1.3 ತುಂಬಲು ಶುರುವಾದ ನೀರು.

ಆಗ ಇಜಿಎಫ್‌ಆರ್ ಓದಬೇಡಿ. ಕ್ರಿಯಾಟಿನಿನ್ ಹಿಂದೆ ಎಷ್ಟಿತ್ತು, ಈಗ ಎಷ್ಟಾಯಿತು ನೋಡಿ. 48 ಗಂಟೆಯೊಳಗೆ 0.3 ಏರಿದರೆ ಸಾಕು, ಅಥವಾ ಒಂದು ವಾರದೊಳಗೆ ಮೊದಲಿನ ಒಂದೂವರೆ ಪಟ್ಟಾದರೆ ಸಾಕು, ಅದು ಕಿಡ್ನಿಗೆ ಬಿದ್ದ ಹಠಾತ್ ಪೆಟ್ಟು. ಮೂತ್ರ ಕಡಿಮೆಯಾದರೂ ಅದೇ ಅರ್ಥ. ಆದರೆ ಇಲಿಜ್ವರದಲ್ಲಿ ಎಷ್ಟೋ ಸಲ ಮೂತ್ರ ಕಡಿಮೆಯಾಗದೆಯೇ ಕಿಡ್ನಿ ಸೋಲುತ್ತದೆ, ನೀವು ಕಂಡಂತೆ. ಗದ್ದೆಗೆ ಇಳಿದವರು, ಜ್ವರ, ಕಣ್ಣು ಕೆಂಪು, ಮೀನಖಂಡದ ನೋವು, ಇಷ್ಟಿದ್ದರೆ ಮೊದಲ ರಿಪೋರ್ಟ್ ಚೆನ್ನಾಗಿದೆ ಎಂದು ಮನೆಗೆ ಬಿಡಬಾರದು. ಮರುದಿನ ಮತ್ತೆ ರಕ್ತ ತೆಗೆಸಿ.

ಲ್ಯಾಬ್ ಟೆಕ್ನಿಷಿಯನ್, ಕಾರವಾರ:

ಅಲ್ಲಿಗೆ ಕಾಮಾಲೆಯೂ ಸೇರಿದರೆ ಜಾಫೆ ವಿಧಾನ ಅಂಕೆಯನ್ನು ಇನ್ನೂ ಕೆಳಗೆ ತೋರಿಸುತ್ತದೆ. ಇಲಿಜ್ವರದಲ್ಲಿ ಕಣ್ಣು ಹಳದಿಯಾಗಿದ್ದರೆ ಲ್ಯಾಬಿಗೆ ಹೇಳಿಯೇ ಕಳಿಸಿ. ಸೀರಮ್ಮಿನ ಬಣ್ಣ ನೋಡಿದರೆ ನಮಗೂ ಗೊತ್ತಾಗುತ್ತದೆ, ಆದರೂ ಹೇಳಿ.

ಕಡಲತಡಿ ಮೇಷ್ಟ್ರು, ಹೊನ್ನಾವರ:

ಇಷ್ಟು ಓದಿದ ಮೇಲೆ ಕೊನೆಯ ಪ್ರಶ್ನೆ. ಸರಿಯಾದ ಸೂತ್ರವನ್ನು ಸರಿಯಾದ ಜಾಗದಲ್ಲೇ ಬಳಸಿದೆವು ಎನ್ನಿ. ಆಗಲಾದರೂ ಅಂಕೆ ಎಷ್ಟು ಗಟ್ಟಿ?

ತಾಲೂಕು ವೈದ್ಯ:

ಒಳ್ಳೆಯ ಸೂತ್ರ ಎಂದರೆ ನೂರು ಜನರಲ್ಲಿ ಸುಮಾರು 85ರಿಂದ 90 ಜನರ ಅಂಕೆ ನಿಜವಾದ ಅಳತೆಗಿಂತ ಶೇಕಡಾ 30ರಷ್ಟು ಹೆಚ್ಚುಕಡಿಮೆಯ ಒಳಗೆ ಬೀಳುತ್ತದೆ. ಉಳಿದವರದ್ದು ಅದಕ್ಕೂ ದೂರ. ಹಾಗಾಗಿ ಒಂದು ರಿಪೋರ್ಟಿನ ಮೇಲೆ ಯಾರಿಗೂ ಕಿಡ್ನಿ ಕಾಯಿಲೆ ಎಂಬ ಹಣೆಪಟ್ಟಿ ಕಟ್ಟುವುದಿಲ್ಲ. 60ರ ಕೆಳಗಿನ ಅಂಕೆ ಮೂರು ತಿಂಗಳಿಗೂ ಹೆಚ್ಚು ಉಳಿಯಬೇಕು, ಅಥವಾ ಕಿಡ್ನಿಗೆ ಪೆಟ್ಟಾದ ಬೇರೆ ಗುರುತು ಅಷ್ಟೇ ಕಾಲ ಉಳಿಯಬೇಕು. ಆ ಗುರುತಿನಲ್ಲಿ ಮೊದಲನೆಯದು ಮೂತ್ರದ ಅಲ್ಬುಮಿನ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಸಮಾಧಾನ, 300 ದಾಟಿದರೆ ಗಂಭೀರ. ಸೋಸುವ ಅಂಕೆ 55, ಅಲ್ಬುಮಿನ್ 10 ಇರುವವರೂ, ಸೋಸುವ ಅಂಕೆ 90, ಅಲ್ಬುಮಿನ್ 500 ಇರುವವರೂ ನನ್ನ ಬಳಿ ಬರುತ್ತಾರೆ. ನನಗೆ ಹೆಚ್ಚು ಚಿಂತೆ ಎರಡನೆಯವರದ್ದು. ಅಂಕೋಲಾದ ತಂಗಿ, ನಿಮ್ಮ ಅವ್ವನಿಗೆ ಅದನ್ನು ಮಾಡಿಸಿದ್ದೀರಾ?

ಅಂಕೋಲಾದ ಮಗಳು:

ಇಲ್ಲ ಸರ್, ಮಾಡಿಸಿರಲಿಲ್ಲ. ನಿಮ್ಮ ಮಾತು ಓದಿ ನಿನ್ನೆ ಬೆಳಿಗ್ಗೆ ಮೊದಲ ಮೂತ್ರವನ್ನೇ ಕೊಟ್ಟೆವು. ಇವತ್ತು ಸಂಜೆ ಬಂತು, 18. ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಕ್ರಿಯಾಟಿನಿನ್ ಮತ್ತೆ ಮಾಡಿಸುತ್ತೇವೆ. ಹುಬ್ಬಳ್ಳಿಗೆ ಫೋನ್ ಮಾಡಿ ಸಿಸ್ಟಾಟಿನ್ ಬೇಕೇ ಎಂದೂ ಕೇಳಿದೆ. ಮುಂದಿನ ಸಲ ಬಂದಾಗ ನೋಡೋಣ, ಅವರ ಥೈರಾಯ್ಡ್ ಮೊದಲು ಪರೀಕ್ಷಿಸೋಣ ಎಂದರು.

ಅವ್ವನ ಮಾತ್ರೆ ಡಬ್ಬಿಯೊಳಗೆ ದಪ್ಪ ಕಾಗದದ ಒಂದು ತುಂಡು ಇಟ್ಟಿದ್ದೇನೆ. ತಾರೀಖು, ತೂಕ, ಎತ್ತರ, ಕ್ರಿಯಾಟಿನಿನ್, ಯಾವ ಲ್ಯಾಬು, ಯಾವ ವಿಧಾನ. ಜಾಫೆಯೋ ಎಂದು ಕೌಂಟರಿನಲ್ಲಿ ಕೇಳಿದೆ, ಹುಡುಗ ಒಳಗೆ ಹೋಗಿ ಕಿಟ್ಟಿನ ಡಬ್ಬಿಯನ್ನೇ ತಂದು ತೋರಿಸಿದ. ತೂಕವನ್ನು ರೇಷನ್ ಅಂಗಡಿಯ ತಕ್ಕಡಿಯಲ್ಲಿ ಮತ್ತೆ ನೋಡಿದೆವು, 41.5 ಬಂತು.

ಔಷಧಿ ಅಂಗಡಿ, ಕುಮಟಾ:

ಅಕ್ಕಾ, ಆ ಕಾಗದವನ್ನು ಡಾಕ್ಟರ ಹತ್ತಿರ ಹೋಗುವಾಗ ಮಾತ್ರ ಅಲ್ಲ, ಮಾತ್ರೆ ತರಲು ಅಂಗಡಿಗೆ ಹೋಗುವಾಗಲೂ ಕೊಂಡೊಯ್ಯಿರಿ. ಹೊಸ ಆಂಟಿಬಯೋಟಿಕ್ ಯಾರೇ ಬರೆದರೂ ಕೌಂಟರಿನ ಮೇಲೆ ಮೊದಲು ಅದನ್ನಿಡಿ.